ಬೋರ್ಡಿನಲ್ಲಿ ಎರಡು ಟೀವಿ

ನಮ್ಮ ಕಚೇರಿಗೆ ಯಾರೇ ಬಂದರೂ ಅವರಿಗೆ ಹೇಳುವ ಒಂದು ಕಥೆಯಿದೆ. ಮಾತು ಬಾರದ, ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬ ಹುಡುಗಿ. ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು. ತಿಂಗಳುಗಟ್ಟಲೆ ಅವಳು ಯಾರಿಗೂ ಹೇಳಲಿಲ್ಲ. ನಾವು ತಯಾರಿಸಿದ ಚಿತ್ರದ ಕಾರ್ಡುಗಳನ್ನು ಅವಳ ಮುಂದೆ ಹರಡಿದ ದಿನ ಮೌನ ಮುರಿಯಿತು. ಕೇಳಿದವರ ಕಣ್ಣು ತುಂಬುತ್ತದೆ, ಮುಂದಿಟ್ಟ ಕಾಫಿ ಆರಿಹೋಗುತ್ತದೆ.

ಈ ಕಥೆಗೆ ನನ್ನ ಆಕ್ಷೇಪಣೆಗಳಿವೆ. ಸಣ್ಣದು ಮೊದಲು: ಅವಳು ಹುಡುಗಿಯಲ್ಲ, ನನಗಿಂತ ಒಂದು ವರ್ಷ ದೊಡ್ಡವಳು. ಎರಡನೆಯದು, ಅವಳು ಮೌನವಾಗಿ ಇರಲೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಇದೇ ಕಥೆಯನ್ನು ಆರೋಪಿಯ ವಕೀಲರೂ ಹೇಳುತ್ತಿದ್ದಾರೆ.

ಕಾಲೇಜಿನ ವರ್ಷಗಳನ್ನೆಲ್ಲ ನಾನು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆಯೇ ಗೊತ್ತಾಗುತ್ತಿತ್ತು. ಯಾವುದು ಬಂದರೂ ಮಾತಾಡಲೇಬೇಕು. ಅಲ್ಲಿ ಕಲಿತ ಒಂದು ಪಾಠ ಇನ್ನೂ ಉಳಿದಿದೆ. ಎದುರಾಳಿ ಎದ್ದು ನಿಂತು ನಮ್ಮ ವಾದವನ್ನೇ ಖುಷಿಯಿಂದ ಎತ್ತಿ ಆಡತೊಡಗಿದರೆ, ಆ ವಾದದಲ್ಲಿ ನಾವು ನೋಡದ ತೂತು ಒಂದಿದೆ ಎಂದೇ ಅರ್ಥ.

ನಮ್ಮದು ರಾಜಾಜಿನಗರದಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿ. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಕೋಡುಬಳೆ ಕರಿಯುವ ವಾಸನೆ ಬರುತ್ತದೆ. ಅಲ್ಲಿ ಕೂತು ನಾನು ಒಂದು ಕೈಪಿಡಿ ಬರೆಯುತ್ತಿದ್ದೆ. ದೌರ್ಜನ್ಯಕ್ಕೆ ಒಳಗಾದವರ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗಿ ಪಕ್ಕದಲ್ಲಿ ನಿಲ್ಲುವವರನ್ನು ಬೆಂಬಲ ವ್ಯಕ್ತಿ ಎನ್ನುತ್ತಾರೆ. ಕೈಪಿಡಿ ಅವರಿಗಾಗಿ. ಜೊತೆಗೆ ಹೋಗಬೇಕಾದವರು ಕಿವುಡರಾದರೆ, ಕುರುಡರಾದರೆ, ಮಾತಿಲ್ಲದವರಾದರೆ, ಬುದ್ಧಿ ನಿಧಾನವಾಗಿ ಬೆಳೆದವರಾದರೆ ಏನು ಮಾಡಬೇಕು ಎಂಬುದು ಅದರ ವಿಷಯ. ಬೆಂಬಲ ವ್ಯಕ್ತಿಗಳಲ್ಲೂ ಕಣ್ಣು ಕಾಣದವರಿದ್ದಾರೆ, ಓದು ಕಷ್ಟವಾದವರಿದ್ದಾರೆ. ಹಾಗಾಗಿ ನಿಯಮ ಬಿಗಿಯಾಗಿತ್ತು. ಒಂದು ವಾಕ್ಯದಲ್ಲಿ ಒಂದೇ ವಿಷಯ. ದೊಡ್ಡ ಅಕ್ಷರ. ಪಕ್ಕದಲ್ಲಿ ಚಿತ್ರ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಧ್ವನಿಮುದ್ರಿಸಬೇಕು. ಉದ್ದುದ್ದ ವಾಕ್ಯಗಳಲ್ಲಿ ವಾದ ಹೂಡಿ ಗೆದ್ದವಳಿಗೆ ಇದು ಬಾಯಿಗೆ ಬಟ್ಟೆ ತುರುಕಿದಂತಿತ್ತು.

ಅದಕ್ಕಿಂತ ದೊಡ್ಡ ಜಗಳ ಪದಗಳ ಮೇಲೆ. ಕಚೇರಿ ನಡೆಸುವ ಮೇಡಂ ಪ್ರತಿ ಕರಡಿನಲ್ಲೂ ಕೆಂಪು ಗೆರೆ ಎಳೆಯುತ್ತಿದ್ದರು.

“ಅತ್ಯಾಚಾರ ಅಂತ ಅಷ್ಟು ದಪ್ಪಕ್ಷರದಲ್ಲಿ ಬೇಡ ಕಣಮ್ಮ. ಅಹಿತಕರ ಘಟನೆ ಅಂತ ಹಾಕು.”

“ಮೇಡಂ, ಅಹಿತಕರ ಘಟನೆ ಅಂದ್ರೆ ಮದುವೆ ಮನೇಲಿ ಕರೆಂಟ್ ಹೋಗೋದು.”

“ಜನ ಪುಸ್ತಕ ಮನೆಗೆ ತಗೊಂಡು ಹೋಗ್ತಾರೆ. ಮಕ್ಕಳು ಮರಿ ಇರ್ತಾರೆ.”

“ಅದೇ ಮಕ್ಕಳಿಗೆ ಆದ್ರೆ ಯಾವ ಪದದಲ್ಲಿ ಹೇಳ್ಬೇಕು ಮೇಡಂ, ಅಹಿತಕರ ಆಯ್ತು ಅಂತಾನಾ?”

“ನಿನ್ನ ಕಟ್ಕೊಳ್ಳೋನ ಗತಿ ದೇವರೇ ಕಾಪಾಡ್ಬೇಕು,” ಎಂದು ಅವರು ಕನ್ನಡಕ ತೆಗೆದಿಟ್ಟರು. ಪದ ಉಳಿಯಿತು, ಅಕ್ಷರದ ದಪ್ಪ ಕಡಿಮೆಯಾಯಿತು. ನಮ್ಮ ರಾಜಿಗಳು ಸಾಮಾನ್ಯವಾಗಿ ಹೀಗೇ.

ನಮ್ಮಲ್ಲಿ ನಿಜವಾದ ಕೆಲಸ ಮಾಡುವವರು ಒಬ್ಬ ಅಕ್ಕ. ಮಹಾಲಕ್ಷ್ಮಿ ಲೇಔಟಿನಿಂದ ಸ್ಕೂಟರಿನಲ್ಲಿ ಬರುತ್ತಾರೆ, ಬೆಂಬಲ ವ್ಯಕ್ತಿಯಾಗಿ ಠಾಣೆ ಕೋರ್ಟುಗಳ ಬೆಂಚು ಸವೆಸಿದ್ದಾರೆ. ನಾನು ಅತ್ತಿಗುಪ್ಪೆ ಎಂದು ಕರೆಯಲಿರುವ ಬಡಾವಣೆಗೆ ಮೊದಲು ಹೋದವರು ಅವರೇ. ಬಡಾವಣೆ ಬೇರೆಯೇ ಇರಬಹುದು. ಅವಳನ್ನು ಗುರುತಿಸಲು ಕಾನೂನು ಬಿಡುವುದಿಲ್ಲ, ನಾನೂ ಬಿಡುವುದಿಲ್ಲ.

ನಡೆದದ್ದು ಇಷ್ಟು. ಮನೆ ಮೊದಲ ಮಹಡಿಯಲ್ಲಿ, ಬಾಡಿಗೆಯದು. ಲಿಫ್ಟ್ ಇಲ್ಲ. ಹಗಲು ಹೊತ್ತು ಅವಳು ವಿಕಲಚೇತನರ ಒಂದು ಕೇಂದ್ರಕ್ಕೆ ವ್ಯಾನಿನಲ್ಲಿ ಹೋಗಿಬರುತ್ತಿದ್ದಳು. ಮಧ್ಯಾಹ್ನ ವ್ಯಾನು ಬಂದಾಗ ಅಪ್ಪ ಫ್ಯಾಕ್ಟರಿಯಲ್ಲಿ, ಅಮ್ಮ ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ. ಅವಳನ್ನು ಎತ್ತಿ ಮೆಟ್ಟಿಲು ಹತ್ತಿಸಿ ಮನೆಯೊಳಗೆ ಕೂರಿಸುತ್ತಿದ್ದವನು ಕೆಳಗಿನ ಮನೆಯವನು, ಮಾಲೀಕರ ಅಕ್ಕನ ಮಗ. ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು. ಇಡೀ ರಸ್ತೆ ಅವನನ್ನು ಹೊಗಳುತ್ತಿತ್ತು. ಮಳೆಗಾಲದಲ್ಲಿ ಒಂದು ದಿನ ಕೇಂದ್ರದ ಶಿಕ್ಷಕಿ ಗಮನಿಸಿದರು: ವ್ಯಾನಿನಿಂದ ಇಳಿಸಲು ಡ್ರೈವರ್ ಕೈ ಚಾಚಿದರೆ ಅವಳು ಮೈ ಸೆಟೆದುಕೊಂಡು ಕಿರುಚುತ್ತಾಳೆ. ಶಿಕ್ಷಕಿ ನಮಗೆ ಫೋನ್ ಮಾಡಿದರು. ಅಕ್ಕ ನಮ್ಮ ಕಾರ್ಡುಗಳೊಂದಿಗೆ ಹೋದರು. ಕಾರ್ಡುಗಳಲ್ಲಿ ದೇಹದ ಚಿತ್ರವಿತ್ತು, ನೋವು ಇತ್ತು, ಭಯ ಇತ್ತು, ಬೇಡ ಇತ್ತು. ಅವಳು ಒಂದೊಂದನ್ನೇ ಮುಟ್ಟಿ ತೋರಿಸಿದಳು. ದೂರು, ವೈದ್ಯಕೀಯ ಪರೀಕ್ಷೆ, ಮ್ಯಾಜಿಸ್ಟ್ರೇಟರ ಮುಂದೆ ವಿಶೇಷ ಶಿಕ್ಷಕಿಯ ನೆರವಿನಿಂದ ಹೇಳಿಕೆ, ಕೆಳಗಿನ ಮನೆಯವನ ಬಂಧನ, ಎಲ್ಲ ಆಯಿತು. ಆಮೇಲೆ ಜಾಮೀನಿನ ವಾದ ಬಂತು.

ಅವತ್ತು ಅಕ್ಕ ಕೋರ್ಟಿನಿಂದ ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಹೆಲ್ಮೆಟ್ ಕುಕ್ಕಿದರು.

“ಆ ವಕೀಲ ಏನಂದ ಗೊತ್ತೇನೇ? ಕಾರ್ಡ್ ಬರೋ ಮುಂಚೆ ಈ ಹೆಣ್ಮಗಳು ಯಾರ ಹತ್ರಾನೂ ಏನೂ ಹೇಳಿಲ್ಲ. ಕಾರ್ಡ್ ಬಂದ ದಿನವೇ ಎಲ್ಲಾ ಗೊತ್ತಾಗ್ಬಿಡ್ತು. ಕಾರ್ಡ್ ಮಾಡಿದೋರೇ ಕಥೇನೂ ಮಾಡಿದ್ದಾರೆ, ಅವಳ ಕೈ ಹಿಡಿದು ಹೇಳಿಸಿದ್ದಾರೆ ಅಂತ.”

“ಜಾಮೀನು?”

“ಸಿಕ್ತು.”

ಒಳಗಿನ ಕೋಣೆಯಲ್ಲಿ ಮೇಡಂ ಯಾರೋ ಅತಿಥಿಗಳಿಗೆ ಕಥೆ ಹೇಳುತ್ತಿದ್ದರು. ‘ನಮ್ಮ ಕಾರ್ಡ್ ನೋಡೋವರೆಗೂ ಆ ಹುಡುಗಿ ಒಂದು ಸನ್ನೆ ಕೂಡ ಮಾಡಿರಲಿಲ್ಲ’ ಎಂಬ ಮಾತು ಅರೆಬಾಗಿಲಿನಿಂದ ಕೇಳಿಸಿತು. ಅಕ್ಕ ನನ್ನ ಮುಖ ನೋಡಿದರು.

ವಾದವಾಗಿ ನೋಡಿದರೆ ಆ ವಕೀಲರದು ಗಟ್ಟಿಯಾಗಿತ್ತು. ಇದನ್ನು ಒಪ್ಪಿಕೊಳ್ಳಲು ಇಷ್ಟವಿಲ್ಲ, ಆದರೂ ನಿಜ. ಅದನ್ನು ಒಡೆಯುವ ದಾರಿ ಒಂದೇ: ಕಾರ್ಡು ಬರುವ ಮುಂಚೆಯೇ ಅವಳು ಹೇಳಿದ್ದಳು ಎಂದು ತೋರಿಸಬೇಕು. ಆದರೆ ಯಾವುದರಿಂದ ಹೇಳುತ್ತಿದ್ದಳು? ಕಾರ್ಡಿಗೂ ಮುಂಚೆ ಅವಳ ಕೈಯಲ್ಲಿ ಇದ್ದದ್ದೇನು? ಅವಳಿಗೆ ಅಮ್ಮ ಮಾಡಿಕೊಟ್ಟ, ಚಿತ್ರ ಮುಟ್ಟಿ ಬೇಕಾದ್ದು ಹೇಳುವ ಒಂದು ಹಳೇ ಬೋರ್ಡ್ ಇದೆಯಂತೆ ಎಂದರು ಅಕ್ಕ. ಕೈಪಿಡಿಯಲ್ಲಿ ಮನೆಯ ಬೋರ್ಡುಗಳ ಬಗ್ಗೆ ಒಂದು ಅಧ್ಯಾಯ ಹೇಗೂ ಬರೆಯಬೇಕಿತ್ತು. ಇಬ್ಬರೂ ಅತ್ತಿಗುಪ್ಪೆಗೆ ಹೋದೆವು.

ಕೈಪಿಡಿಯಲ್ಲಿ ನಾನೇ ಬರೆದ ಒಂದು ಸಾಲಿದೆ: ‘ಅವಳ ಎದುರು ಕುಳಿತುಕೊಳ್ಳಿ. ಅವಳ ಅಮ್ಮನ ಎದುರು ಅಲ್ಲ.’ ಆ ಪುಟ್ಟ ಹಾಲಿನಲ್ಲಿ ಅದನ್ನು ಪಾಲಿಸುವುದು ಸುಲಭವಿರಲಿಲ್ಲ. ಅಮ್ಮ ಎಲ್ಲ ಕಡೆಯೂ ಇದ್ದರು, ಕುರ್ಚಿ ಒರೆಸುತ್ತ, ಮಜ್ಜಿಗೆ ತರುತ್ತ, ಮಗಳ ಬಾಯಿಯ ಜೊಲ್ಲು ಒರೆಸುತ್ತ. ಮಗಳು ಕಿಟಕಿಯ ಹತ್ತಿರ ಕೂತು ನಮ್ಮನ್ನು ಸರದಿಯಂತೆ ನೋಡುತ್ತಿದ್ದಳು. ಅಕ್ಕ ಸ್ಟೂಲು ಎಳೆದು ಅವಳ ಮುಂದೆಯೇ ಕೂತು, “ನಿನ್ನ ಹಳೇ ಬೋರ್ಡ್ ನೋಡ್ಬಹುದಾ?” ಎಂದು ಅವಳನ್ನೇ ಕೇಳಿದರು. ಅವಳು ತಲೆ ಹಿಂದಕ್ಕೆ ಚೆಲ್ಲಿ ಅಡುಗೆಮನೆಯ ಸಜ್ಜೆಯ ಕಡೆ ನೋಡಿದಳು. ಪೊಲೀಸರು ಬಂದುಹೋದ ಮೇಲೆ ಅಮ್ಮ ಅದನ್ನು ಅಲ್ಲಿ ಎತ್ತಿಟ್ಟಿದ್ದರು.

ಒಂದು ಹಳೆಯ ರಟ್ಟಿನ ಮೇಲೆ ಕ್ಯಾಲೆಂಡರು, ಅಂಗಡಿ ಪಾಂಪ್ಲೆಟ್ಟುಗಳಿಂದ ಕತ್ತರಿಸಿದ ಚಿತ್ರಗಳು. ಇಡ್ಲಿ, ಮೊಸರನ್ನ, ಕಾಫಿ, ಫ್ಯಾನು, ಅಪ್ಪ, ಅಮ್ಮ, ದೇವರು, ಮಲ್ಲಿಗೆ ಹೂವು, ಟೀವಿ, ಬಾತ್‌ರೂಮು, ವ್ಯಾನು. ವಿಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು, ಅಂಚು ಹಳದಿಯಾಗಿತ್ತು. ತುಂಬಾ ಚೆಂದದ ಕೆಲಸ. ಕೊಡಿ ಎನ್ನಬಹುದಾದದ್ದೆಲ್ಲ ಅದರಲ್ಲಿತ್ತು.

“ಆಂಟಿ, ಇದರಲ್ಲಿ ಬೇಡ ಅನ್ನೋದು ಎಲ್ಲಿದೆ?” ಎಂದೆ.

“ಅದನ್ನ ಹಾಕ್ಲಿಲ್ಲಮ್ಮ. ಇಲ್ಲ, ಬೇಡ, ನೋವು, ಅಂಥದ್ದೆಲ್ಲ ಮನೇಲಿ ಅನ್ಬಾರ್ದು. ಅಸ್ತು ದೇವತೆಗಳು ಓಡಾಡ್ತಾ ಇರ್ತಾರೆ, ಅಸ್ತು ಅಂದ್ಬಿಟ್ರೆ? ಮೊದಲೇ ನಮ್ಮ ಮಗೂಗೆ ಹೀಗೆ. ಅವಳು ದಿನಾ ಅದನ್ನೇ ಮುಟ್ತಾ ಕೂತ್ರೆ ಆಗುತ್ತಾ?”

ಬೇರೆ ದಿನವಾಗಿದ್ದರೆ ವಾದಕ್ಕೆ ಇಳಿಯುತ್ತಿದ್ದೆ. ಆದರೆ ಬಸವೇಶ್ವರನಗರದ ನಮ್ಮ ಮನೆಯಲ್ಲೂ ಅಕ್ಕಿ ಮುಗಿದರೆ ‘ಹೆಚ್ಚಿದೆ’ ಎನ್ನುತ್ತೇವೆ. ಹೊರಡುವಾಗ ‘ಹೋಗ್ತೀನಿ’ ಎಂದರೆ ಇವತ್ತಿಗೂ ನನ್ನ ಅಜ್ಜಿ ಬಾಗಿಲಿನಿಂದ ವಾಪಸು ಕರೆಸಿ ‘ಬರ್ತೀನಿ’ ಅನ್ನಿಸುತ್ತಾರೆ. ಕೆಟ್ಟದ್ದಕ್ಕೆ ಮನೆಯಲ್ಲಿ ಮಾತು ಕೊಡದಿದ್ದರೆ ಕೆಟ್ಟದ್ದು ಒಳಗೆ ಬರುವುದಿಲ್ಲ ಎಂದು ನಂಬಿದ ಎಷ್ಟೋ ಮನೆಗಳಲ್ಲಿ ಇದೂ ಒಂದು. ನಾವು ಬಾಯಿ ಇರುವವರು, ಆ ನಿಯಮವನ್ನು ಬೀದಿಗಿಳಿದ ತಕ್ಷಣ ಮುರಿಯುತ್ತೇವೆ. ಅವಳಿಗೆ ಬೀದಿಯಲ್ಲೂ ಅದೇ ಬೋರ್ಡ್.

ನಾನು ಮತ್ತೆ ಬೋರ್ಡ್ ನೋಡಿದೆ. ಎಲ್ಲ ಚಿತ್ರಗಳೂ ಲ್ಯಾಮಿನೇಷನ್ನಿನ ಒಳಗಿದ್ದವು. ಒಂದು ಮಾತ್ರ ಪ್ಲಾಸ್ಟಿಕ್ಕಿನ ಮೇಲೆ ಅಂಟಿತ್ತು, ಸುತ್ತ ಅಗಲವಾದ ಟೇಪು. ಅದು ಇನ್ನೊಂದು ಟೀವಿ.

“ಟೀವಿ ಎರಡಿದೆಯಲ್ಲ ಆಂಟಿ?”

“ಅಯ್ಯೋ ಅದಾ? ಅಲ್ಲಿ ಸ್ನಾನದ್ದು ಇತ್ತು. ಬಕೆಟ್ಟು, ಚೊಂಬಿನ ಚಿತ್ರ. ಬೇಸಿಗೇಲಿ ಇವಳ ಕಾಟ ತಡೆಯಕ್ಕಾಗ್ತಿರ್ಲಿಲ್ಲ. ಬೋರ್‌ವೆಲ್ ಬತ್ತಿಹೋಗಿತ್ತು, ಟ್ಯಾಂಕರ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ನಾನು ಅಂಗಡಿಯಿಂದ ಬರೋದೇ ತಡ, ಸ್ನಾನ ಸ್ನಾನ ಅಂತ ಕುಟ್ಟೋಳು. ಬೆಳಿಗ್ಗೆ ಮಾಡಿಸಿರ್ತೀನಿ, ಸಾಯಂಕಾಲ ಮತ್ತೆ. ಮಾಡಿಸಿದ್ರೂ ಇನ್ನೊಂದ್ಸಲ. ಭಾನುವಾರ ನಾವಿಬ್ರೂ ಮನೇಲಿದ್ರೆ ಕೇಳ್ತಾನೇ ಇರ್ಲಿಲ್ಲ. ನಾನು ಕೆಲಸಕ್ಕೆ ಹೋಗೋದು ಇವಳಿಗೆ ಇಷ್ಟ ಇಲ್ಲ, ನನ್ನ ಗೋಳು ಹುಯ್ಕೊಳ್ಳೋಕೆ ಹೀಗ್ ಮಾಡ್ತಾಳೆ ಅಂದ್ಕೊಂಡೆ. ಬೈದೆ. ಕೊನೆಗೆ ಟೀವಿ ನೋಡ್ಲಿ ಅಂತ ಅದರ ಮೇಲೆ…”

ಅಮ್ಮ ಅಲ್ಲಿಗೆ ನಿಲ್ಲಿಸಿದರು. ತಾವು ಏನು ಹೇಳಿದೆವು ಎಂಬುದು ಅವರಿಗೆ ತಮ್ಮ ಕಿವಿಯಿಂದಲೇ ಕೇಳಿಸಿತು ಎನಿಸುತ್ತದೆ. ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ಎಲ್ಲಿಡಬೇಕು ಎಂದು ತಿಳಿಯದೆ ಹಿಡಿದುಕೊಂಡೇ ನಿಂತರು. ಅಕ್ಕ ಎದ್ದು ಹೋಗಿ ಲೋಟ ತೆಗೆದುಕೊಂಡರು. ಆಗ ಅವರಿಗೆ ಅಳು ಬಂತು, ಆದರೆ ಮಗಳ ಎದುರು ಅಳಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದರು. ಮಗಳು ಬಾಗಿಲನ್ನೇ ನೋಡುತ್ತಿದ್ದಳು.

ಹೊರಡುವಾಗ ಮೆಟ್ಟಿಲ ತುದಿಯಲ್ಲಿ ಅಮ್ಮ ಅಕ್ಕನ ಕೈ ಹಿಡಿದುಕೊಂಡರು. “ನಮ್ ಯಜಮಾನ್ರಿಗೆ ಇದು ಗೊತ್ತಿಲ್ಲ. ಗೊತ್ತಾದ್ರೆ ನನ್ನ ಮುಖ ನೋಡಲ್ಲ. ಎಲ್ಲಾ ತೊಳೆದು ಹಾಕಿದ್ದು ನಾನೇ ಅಲ್ವಾ? ದಯವಿಟ್ಟು ಹೇಳ್ಬೇಡಿ.” ಅಕ್ಕ ಕೈ ಒತ್ತಿದರು. ಮಾತು ಕೊಡಲಿಲ್ಲ. ನಾನೂ ಕೊಡಲಿಲ್ಲ, ಕೊಡಬೇಕಾಗಿ ಬಾರದಿರಲೆಂದು ಚಪ್ಪಲಿ ಹುಡುಕುತ್ತ ಬಗ್ಗಿದ್ದೆ.

ಸ್ಕೂಟರಿನ ಹಿಂದೆ ಕೂತು ನಾನು ದಾರಿಯುದ್ದಕ್ಕೂ ಕಿರುಚಿದೆ. “ಅಕ್ಕ, ಬೇಸಿಗೇಲಿ ಕೇಳಿದ್ದಾಳೆ! ನಮ್ಮ ಕಾರ್ಡ್ ಹೋಗಿದ್ದು ಮಳೆಗಾಲದಲ್ಲಿ. ಅವನು ಬಂದ ದಿನ ಮಾತ್ರ ಕೇಳಿದ್ದಾಳೆ. ಇದಕ್ಕಿಂತ ಸಾಕ್ಷಿ ಬೇಕಾ? ಸರ್ಕಾರಿ ವಕೀಲರಿಗೆ ಈಗಲೇ ಹೇಳೋಣ.”

“ನೀನು ಹೇಳಿದ್ರೆ ಅದು ಕೇಳಿದ ಮಾತು. ಆಯಮ್ಮ ಹೇಳಿದ್ರೆ ಸಾಕ್ಷಿ.”

“ಹಾಗಾದ್ರೆ ಆಂಟಿಗೆ ಕೂರಿಸಿ ಹೇಳಿಕೊಡೋಣ, ಹೀಗ್ ಹೀಗ್ ಹೇಳಿ ಅಂತ.”

ಅಕ್ಕ ವಿಜಯನಗರದ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ಹಿಂದಕ್ಕೆ ತಿರುಗಿದರು. “ನಿನ್ ಪುಸ್ತಕದಲ್ಲಿ ಏನ್ ಬರ್ದಿದ್ದೀಯ? ಓದು ನೋಡೋಣ.”

ಓದಬೇಕಾಗಿರಲಿಲ್ಲ. ‘ಸಾಕ್ಷಿಗೆ ಏನನ್ನೂ ಹೇಳಿಕೊಡಬೇಡಿ. ಉತ್ತರ ಒಳಗಿರುವ ಪ್ರಶ್ನೆ ಕೇಳಬೇಡಿ. ಕೇಳಿ. ಆಮೇಲೆ ಕಾಯಿರಿ.’ ಒಂದು ವಾಕ್ಯ, ಒಂದು ವಿಷಯ. ಪಕ್ಕದಲ್ಲಿ ಗೋಡೆ ಗಡಿಯಾರದ ಚಿತ್ರ.

“ನಾವು ಹೇಳಿಕೊಟ್ಟಿದ್ದೀವಿ ಅಂತ ಆಗ್ಲೇ ಕೂಗ್ತಾ ಇದ್ದಾರೆ,” ಎಂದರು ಅಕ್ಕ. “ಅದನ್ನ ನಾವೇ ನಿಜ ಮಾಡೋಣ್ವಾ? ಆಯಮ್ಮ ತಾನಾಗಿ ಹೇಳ್ಬೇಕು. ಒತ್ತಾಯ ಮಾಡಿ ಕರ್ಕೊಂಡು ಹೋಗಿ, ಅಲ್ಲಿ ನಿಂತು ಅಂಥದ್ದೇನೂ ಇಲ್ಲ ಅಂದ್ಬಿಟ್ರೆ ಮುಗೀತು.”

“ಹೇಳದೇ ಹೋದ್ರೆ?”

ಹಸಿರು ದೀಪ ಬಂತು. ಅಕ್ಕ ಗಾಡಿ ಎತ್ತಿದರು.

ಅವತ್ತಿನಿಂದ ಮೇಡಂ ಜೊತೆ ನನ್ನ ಜಗಳ ಬೇರೆ ಬಗೆಯದಾಯಿತು. ಕೈಪಿಡಿಯ ಮುನ್ನುಡಿಯಲ್ಲಿ ಮೌನ ಮುರಿದ ಕಥೆ ಇರಬೇಕು ಎಂದು ಅವರು, ಇರಬಾರದು ಎಂದು ನಾನು. ನಾಳೆ ಆ ಪುಸ್ತಕವನ್ನೇ ಎತ್ತಿ ಹಿಡಿದು, ನೋಡಿ ಇವರೇ ಬರೆದಿದ್ದಾರೆ, ಕಾರ್ಡಿಗೆ ಮುಂಚೆ ಇವಳು ಏನೂ ಹೇಳಿರಲಿಲ್ಲ ಎನ್ನುತ್ತಾರೆ ಎಂದೆ. ಮೇಡಂ ಮುನ್ನುಡಿಯ ಕರಡನ್ನು ಕೈಗೆತ್ತಿಕೊಂಡು, “ಒಳ್ಳೇದು ಒಂದೇ ಒಂದು ನಡೆದಿತ್ತು ನಮ್ಮಲ್ಲಿ. ಅದನ್ನೂ ಕಿತ್ಕೊಂಡ್ಯಲ್ಲೇ,” ಎಂದರು. ತಮಾಷೆಗೆ ಹೇಳಿದ್ದಲ್ಲ. ಆ ಪುಟ ತೆಗೆದರು. ಅತಿಥಿಗಳಿಗೆ ಹೇಳುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ವಿಚಾರಣೆಗೆ ಮೊದಲು ಸರ್ಕಾರಿ ವಕೀಲರು ಮನೆಯವರನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಅಕ್ಕನ ಜೊತೆ ನಾನೂ ಹೋದೆ, ಅವಳನ್ನು ಮೆಟ್ಟಿಲು ಇಳಿಸಲು ಒಂದು ಜೊತೆ ಕೈ ಹೆಚ್ಚಿಗೆ ಬೇಕಿತ್ತು. ಒಂದು ಕಾಲದಲ್ಲಿ ಅವನನ್ನು ಹೊಗಳುತ್ತಿದ್ದ ರಸ್ತೆ ಈಗ ಬಾಗಿಲು ಹಾಕಿಕೊಂಡು ಕಿಟಕಿಯಲ್ಲಿ ನೋಡುತ್ತದೆ. ಮನೆ ಖಾಲಿ ಮಾಡಿ ಎಂದು ಮಾಲೀಕರು ಆಗಲೇ ಹೇಳಿಯಾಗಿತ್ತು.

ಕುರ್ಚಿಯ ಪಟ್ಟಿ ಬಿಗಿದು ಇನ್ನೇನು ಹೊರಡಬೇಕು, ಅವಳು ತಲೆ ಹಿಂದಕ್ಕೆ ಚೆಲ್ಲಿದಳು. ಸಜ್ಜೆಯ ಕಡೆ. “ಏನು ಮಗಳೇ?” ಎಂದರು ಅಪ್ಪ. “ಹೊತ್ತಾಯ್ತು, ನಡೀರಿ,” ಎಂದರು ಅಮ್ಮ. ಅವಳು ಕುತ್ತಿಗೆ ನೇರ ಮಾಡಲಿಲ್ಲ. ನಾವು ಕೊಟ್ಟ ಹೊಸ ಬೋರ್ಡ್ ಮಡಿಲಲ್ಲಿತ್ತು, ಅದರಲ್ಲಿ ಹೌದು ಬೇಡ ಎರಡೂ ಇದ್ದವು. ಅಕ್ಕ ಬಗ್ಗಿ, “ಹಳೇದು ಬೇಕಾ?” ಎಂದರು. ಅವಳ ಮುಷ್ಟಿ ನಡುಗುತ್ತ ಬಂದು ಹೌದಿನ ಮೇಲೆ ಬಿತ್ತು. ಅಪ್ಪ ಸ್ಟೂಲು ಹತ್ತಿ ಇಳಿಸಿ, ಧೂಳು ಒರೆಸಿ, ಮಡಿಲಲ್ಲಿ ಇಟ್ಟರು. ಅಮ್ಮ ಗೋಡೆಯ ಕಡೆ ತಿರುಗಿ ತಾಳಿ ಸರಿಮಾಡಿಕೊಳ್ಳುತ್ತಿದ್ದರು.

ಸರ್ಕಾರಿ ವಕೀಲರು ನಡುವಯಸ್ಸಿನ ಹೆಂಗಸು. ಮೇಜಿನ ಮೇಲೆ ತಿನ್ನದೆ ಬಿಟ್ಟ ಊಟದ ಡಬ್ಬಿ, ಸುತ್ತ ಕೆಂಪು ದಾರ ಕಟ್ಟಿದ ಕಡತಗಳು. ಒಳ್ಳೆಯವರೇ, ಆದರೆ ಬಾಗಿಲಲ್ಲಿ ಇನ್ನೂ ಜನ ಕಾಯುತ್ತಿದ್ದರು. ಅವರು ಮಗಳಿಗೆ ನಮಸ್ಕಾರ ಹೇಳಿ, ಅಪ್ಪ ಅಮ್ಮನ ಕಡೆ ತಿರುಗಿದರು.

“ಅವರ ಕಡೆಯೋರ ಪಾಯಿಂಟ್ ಒಂದೇ. ಕಾರ್ಡಿಗೆ ಮುಂಚೆ ಏನೂ ಇರ್ಲಿಲ್ಲ ಅಂತ. ಅದಕ್ಕೆ ನಾನು ಉತ್ತರ ಕೊಡ್ಬೇಕು. ಯೋಚನೆ ಮಾಡಿ ಹೇಳಿ, ಅದಕ್ಕೂ ಮುಂಚೆ ಇವಳು ಯಾವ ರೀತೀಲಾದ್ರೂ ಏನಾದ್ರೂ ತಿಳಿಸಿದ್ಳಾ?”

“ಇಲ್ಲ ಮೇಡಂ,” ಎಂದರು ಅಪ್ಪ, ಒಂದು ಕ್ಷಣವೂ ತಡೆಯದೆ. ಅದರಲ್ಲಿ ಹೆಮ್ಮೆಯೂ ಇತ್ತು. “ತಿಳಿಸಿದ್ರೆ ಇವಳಮ್ಮನಿಗೆ ಗೊತ್ತಾಗ್ದೆ ಇರ್ತಿತ್ತಾ? ಇವಳ ಥರ ಮಗಳನ್ನ ನೋಡ್ಕೊಳ್ಳೋ ತಾಯಿ ನಮ್ಮ ಕಡೆಯೋರಲ್ಲೇ ಇಲ್ಲ. ಅವಳು ಕಣ್ಣು ಮಿಟುಕಿಸಿದ್ರೂ ಅರ್ಥ ಆಗುತ್ತೆ ಇವಳಿಗೆ. ಕೇಳಿ ಬೇಕಾದ್ರೆ.”

ವಕೀಲರು ಅಮ್ಮನನ್ನು ನೋಡಿದರು. ಅಮ್ಮ ತಲೆ ಅಲ್ಲಾಡಿಸಿದರು. ಅದು ಹೌದೋ ಇಲ್ಲವೋ ಎಂದು ಹೇಳುವಂತಿರಲಿಲ್ಲ. ವಕೀಲರು ನಿಟ್ಟುಸಿರು ಬಿಟ್ಟು ಪೆನ್ನಿನ ಕ್ಯಾಪು ಹಾಕತೊಡಗಿದರು.

ಮಗಳ ಬೆರಳುಗಳು ಹಳೇ ಬೋರ್ಡಿನ ಮೇಲಿದ್ದವು. ಟೇಪಿನ ಒಂದು ಮೂಲೆ ಎದ್ದಿತ್ತು, ಅವಳ ಉಗುರು ಅದನ್ನೇ ಕೆರೆಯುತ್ತಿತ್ತು. ಆ ಬೆರಳುಗಳಿಗೆ ಅಷ್ಟು ಸಣ್ಣ ಕೆಲಸ ಆಗುವುದಿಲ್ಲ. ಜಾರುತ್ತಿತ್ತು, ಮತ್ತೆ ಬರುತ್ತಿತ್ತು. ವಕೀಲರು ನೋಡಲಿಲ್ಲ. ಅಪ್ಪ ನೋಡಿ, “ಕೀಳ್ಬೇಡ ಪುಟ್ಟಿ,” ಎಂದು ಮೆಲ್ಲಗೆ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದರು. ಅಕ್ಕ ನನ್ನನ್ನು ನೋಡಿದರು. ತಡೆಯುವ ನೋಟವೋ, ಕಳಿಸುವ ನೋಟವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಬಾಯಿ ತುಂಬ ವಾಕ್ಯಗಳಿದ್ದವು. ಬೇಸಿಗೆ, ಟ್ಯಾಂಕರು, ಭಾನುವಾರ, ಒಂದಾದ ಮೇಲೊಂದು ಸಾಲಾಗಿ ನಿಂತಿದ್ದವು, ಯಾವ ಸ್ಪರ್ಧೆಯಲ್ಲೂ ಸೋಲದಂಥ ವಾದ. ಅದರಲ್ಲಿ ಒಂದನ್ನೂ ನಾನು ಆಡುವಂತಿರಲಿಲ್ಲ. ಉತ್ತರ ಒಳಗಿಲ್ಲದ ಪ್ರಶ್ನೆಯೊಂದನ್ನು ಕೇಳಬಹುದಿತ್ತು, ಅಷ್ಟೇ. ಅದನ್ನು ಕೇಳಿದರೆ ಈ ತಾಯಿಗೆ ಏನಾಗುತ್ತದೆ ಎಂಬುದೂ ಗೊತ್ತಿತ್ತು, ಅವರ ಗಂಡ ಪಕ್ಕದಲ್ಲೇ ಕೂತಿದ್ದರು.

ಮಗಳ ಕೈ ಮತ್ತೆ ಆ ಮೂಲೆಗೆ ಬಂತು.

“ಆಂಟಿ,” ಎಂದೆ, “ಈ ಬೋರ್ಡಲ್ಲಿ ಟೀವಿ ಎರಡು ಯಾಕಿದೆ?”